ಮಸ್ಕಿಟಿಯರ್ಸ್ ಸಿನಿಮಾ ಹತ್ತಾರು, ಭಾನುವಾರ ಒಂದೇ: ಯಾವುದು ನೋಡೋದು?

‘ತ್ರೀ ಮಸ್ಕಿಟಿಯರ್ಸ್’ ಅಂತ ಹುಡುಕಿದರೆ ಒಂದೇ ಹೆಸರಿನ ಏಳೆಂಟು ಪೋಸ್ಟರ್‌ಗಳು ಸಾಲಾಗಿ ಬಂದು ನಿಲ್ಲುತ್ತವೆ. ಎಲ್ಲದರಲ್ಲೂ ಅಗಲವಾದ ಟೋಪಿ, ಅದಕ್ಕೊಂದು ಗರಿ, ಕೈಯಲ್ಲಿ ಸಪೂರವಾದ ಕತ್ತಿ. ಯಾವುದನ್ನು ಒತ್ತಬೇಕು ಅಂತ ತಿಳಿಯದೆ ತುಂಬಾ ಜನ ಹೊಸದಾಗಿ ಕಾಣುವುದನ್ನು ಒತ್ತುತ್ತಾರೆ. ನಾನೂ ಹಾಗೇ ಮಾಡಿದೆ. 2011ರ ಸಿನಿಮಾದಿಂದ ಶುರು ಮಾಡಿದೆ. 17ನೇ ಶತಮಾನದ ಪ್ಯಾರಿಸ್ಸಿನ ಮೇಲೆ ಹಡಗೊಂದು ಆಕಾಶದಲ್ಲಿ ತೇಲಿಕೊಂಡು ಬಂತು. ಪುಸ್ತಕದಲ್ಲಿ ಹಡಗು ನೀರಿನ ಮೇಲೆಯೇ ಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು.

ಅಲ್ಲಿಂದ ಈಚೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ನೋಡಿದ್ದೇನೆ. ಕೆಲವನ್ನು ಎರಡೆರಡು ಸಲ. ಒಂದನ್ನು ಅರ್ಧಕ್ಕೇ ನಿಲ್ಲಿಸಿದೆ. ಯಾರಾದರೂ ‘ಯಾವುದು ನೋಡಲಿ’ ಅಂತ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬರೀ ವಜ್ರದ ಕಥೆ ಸಾಕಾ, ಮಿಲೇಡಿಯ ಕಥೆಯೂ ಬೇಕಾ?

ಇದು ಅರ್ಥವಾಗಬೇಕಾದರೆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಅಲೆಕ್ಸಾಂಡರ್ ಡ್ಯೂಮಾ ಇದನ್ನು 1844ರ ಮಾರ್ಚ್‌ನಿಂದ ಜುಲೈವರೆಗೆ ಪ್ಯಾರಿಸ್ಸಿನ ‘ಲ ಸಿಯೆಕ್ಲ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ. ಒಗಸ್ಟ್ ಮಾಕೆ ಅನ್ನುವವನು ಜೊತೆಗಿದ್ದ. ಹಳೇ ದಾಖಲೆ ಕೆದಕಿ ಕಥೆಯ ಹಂದರ ಹಾಕಿಕೊಟ್ಟವನು ಅವನು. ಕಥೆ ಶುರುವಾಗುವುದು 1625ರ ಏಪ್ರಿಲ್‌ನಲ್ಲಿ. ಗ್ಯಾಸ್ಕನಿಯಿಂದ 18 ವರ್ಷದ ಹುಡುಗ ಡಾರ್ಟಾನ್ಯನ್ ಹಳದಿ ಬಣ್ಣದ ಮುದಿ ಕುದುರೆ ಏರಿ ಹೊರಡುತ್ತಾನೆ. ಪ್ಯಾರಿಸ್ಸಿನಲ್ಲಿ ಒಂದೇ ಬೆಳಗ್ಗೆ ರಾಜನ ಕಾವಲು ಪಡೆಯ ಮೂವರು ಮಸ್ಕಿಟಿಯರ್‌ಗಳ ಕೆಣಕಾಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಆಥೋಸ್ ಜೊತೆ ಹನ್ನೆರಡು ಗಂಟೆಗೆ ಕಾಳಗ, ಪೋರ್ಥೋಸ್ ಜೊತೆ ಒಂದಕ್ಕೆ, ಅರಾಮಿಸ್ ಜೊತೆ ಎರಡಕ್ಕೆ. ಚರ್ಚಿನ ಹಿರಿಯನೂ ರಾಜನ ಪ್ರಧಾನಿಯೂ ಆದ ಕಾರ್ಡಿನಲ್ ರಿಶೆಲ್ಯೂನ ಕಾವಲುಗಾರರು ಹಿಡಿಯಲು ಬಂದಾಗ ಹುಡುಗ ಯಾರ ಕಡೆ ನಿಲ್ಲುತ್ತಾನೆ ಅನ್ನುವುದರ ಮೇಲೆ ಉಳಿದಿದ್ದೆಲ್ಲ ನಿಂತಿದೆ.

ಆಮೇಲೆ ವಜ್ರ. ಫ್ರಾನ್ಸಿನ ರಾಣಿ ಆ್ಯನ್ ತನ್ನ 12 ವಜ್ರದ ಗುಂಡಿಗಳನ್ನು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಡ್ಯೂಕನಿಗೆ ಪ್ರೀತಿಯ ಗುರುತಾಗಿ ಕೊಟ್ಟುಬಿಟ್ಟಿರುತ್ತಾಳೆ. ಕಾರ್ಡಿನಲ್ ರಾಜನ ಕಿವಿ ಊದುತ್ತಾನೆ. ‘ನೃತ್ಯದ ದಿನ ಅವನ್ನು ಹಾಕಿಕೊಂಡು ಬಾ’ ಅಂತ ರಾಜನ ಅಪ್ಪಣೆ ಆಗುತ್ತದೆ. ನಾಲ್ವರೂ ಲಂಡನ್ನಿಗೆ ಹೊರಡುತ್ತಾರೆ. ಓಟ, ಕುದುರೆ, ಕತ್ತಿವರಸೆ, ಕೊನೆ ಗಳಿಗೆಯಲ್ಲಿ ಮಾನ ಉಳಿಯುವುದು. ಸಿನಿಮಾಕ್ಕೆ ಇನ್ನೇನು ಬೇಕು?

ಆದರೆ ಈ ನೃತ್ಯ ಮುಗಿಯುವುದು 22ನೇ ಅಧ್ಯಾಯದಲ್ಲಿ. ಪುಸ್ತಕದಲ್ಲಿ ಇರುವುದು 67 ಅಧ್ಯಾಯ! ವಜ್ರಕ್ಕೇ ನಿಲ್ಲುವ ಸಿನಿಮಾ ಅಂದರೆ ಮೂರರಲ್ಲಿ ಒಂದು ಪಾಲು ಕಾದಂಬರಿ. ಉಳಿದ ಎರಡು ಪಾಲಿನಲ್ಲಿ ಕಥೆಯ ಬಣ್ಣವೇ ಬೇರೆ. ಕುಡುಕ ಆಥೋಸ್ ಯಾಕೆ ಕುಡಿಯುತ್ತಾನೆ, ಕಾರ್ಡಿನಲ್‌ನ ಗೂಢಚಾರಿಣಿ ಮಿಲೇಡಿಯ ಭುಜದ ಮೇಲಿನ ಬರೆ ಏನು, ಲಾ ರೊಶೆಲ್ ಕೋಟೆಯ ಮುತ್ತಿಗೆ, ಸೇಡು. ಮಿಲೇಡಿ ಇಂಗ್ಲೆಂಡಿನಲ್ಲಿ ಸೆರೆ ಸಿಕ್ಕಿ, ಐದೇ ದಿನಗಳಲ್ಲಿ ಕಾವಲಿಗಿದ್ದ ಕಟ್ಟಾ ಪ್ಯೂರಿಟನ್ ಅಧಿಕಾರಿಯ ಮನಸ್ಸನ್ನು ಒಂದೊಂದೇ ಎಳೆಯಾಗಿ ಬಿಚ್ಚುವ ಭಾಗವಂತೂ ಇಡೀ ಪುಸ್ತಕದಲ್ಲೇ ನನಗೆ ತುಂಬಾ ಇಷ್ಟ. ಅಲ್ಲಿ ಕತ್ತಿಯೇ ಇಲ್ಲ. ಬರೀ ಮಾತು.

ಒಂದೇ ಸಿನಿಮಾದಲ್ಲಿ ಇವೆರಡನ್ನೂ ತುಂಬುವುದು ಕಷ್ಟ. ಯಾವ ನಿರ್ದೇಶಕ ಎಲ್ಲಿ ಕತ್ತರಿ ಹಾಕಿದ ಅನ್ನುವುದು ನೋಡಿದರೆ ಅವನಿಗೆ ಈ ಕಥೆಯಲ್ಲಿ ಏನು ಇಷ್ಟ ಅಂತ ಗೊತ್ತಾಗುತ್ತದೆ.

ಒಂದನ್ನೇ ಹೇಳಿ ಅಂದರೆ

1973ರ ‘ದಿ ತ್ರೀ ಮಸ್ಕಿಟಿಯರ್ಸ್’, ಅದರ ಬೆನ್ನಿಗೇ 1974ರ ‘ದಿ ಫೋರ್ ಮಸ್ಕಿಟಿಯರ್ಸ್’. ರಿಚರ್ಡ್ ಲೆಸ್ಟರ್ ನಿರ್ದೇಶನ. ಮೊದಲನೆಯದು ವಜ್ರಕ್ಕೆ ನಿಲ್ಲುತ್ತದೆ, ಎರಡನೆಯದು ಮಿಲೇಡಿಯದ್ದು. ಎರಡೂ ಸೇರಿ ಸುಮಾರು ಮೂರೂವರೆ ಗಂಟೆ. ಸುಮ್ನೆ ಒಂದು ಸಿನಿಮಾ ಅಂದುಕೊಂಡು ನಡುವೆ ಊಟಕ್ಕೆ ಎದ್ದರೆ ಆಯಿತು.

ಹಾಗೆ ಅಂದುಕೊಳ್ಳುವುದರಲ್ಲಿ ತಪ್ಪೂ ಇಲ್ಲ. ನಟರೂ ಹಾಗೇ ಅಂದುಕೊಂಡಿದ್ದರು! ಸ್ಪೇನಿನಲ್ಲಿ ಒಂದು ದೊಡ್ಡ ಸಿನಿಮಾಕ್ಕೆ ಅಂತ ನಟಿಸಿದರು. ನಿರ್ಮಾಪಕರಾದ ಸಾಲ್ಕೈಂಡ್ ಅಪ್ಪ-ಮಗ ಅದನ್ನು ಎರಡಾಗಿ ಮಾಡಿ ಬಿಡುಗಡೆ ಮಾಡಿದರು. ಸಂಬಳ ಮಾತ್ರ ಒಂದಕ್ಕೆ ಕೊಟ್ಟಿದ್ದು. ಜಗಳವಾಯಿತು, ವಕೀಲರು ಬಂದರು. ಅವತ್ತಿನಿಂದ ಹಾಲಿವುಡ್ ಕರಾರುಗಳಲ್ಲಿ ‘ಈ ಚಿತ್ರೀಕರಣದಿಂದ ಇಷ್ಟೇ ಸಿನಿಮಾ’ ಅಂತ ಬರೆಸಿಕೊಳ್ಳುವ ಷರತ್ತಿಗೆ ಸಾಲ್ಕೈಂಡ್ ಹೆಸರೇ ಅಂಟಿಕೊಂಡಿದೆ.

ಈ ಜೋಡಿಯ ಕಾಳಗಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕತ್ತಿವರಸೆ ಕಲಿಸಿದವರು ವಿಲಿಯಂ ಹಾಬ್ಸ್. ಸಿನಿಮಾ ಕತ್ತಿವರಸೆ ಅಂದರೆ ಇಬ್ಬರು ಮೆಟ್ಟಿಲ ಮೇಲೆ ಟಣ್ ಟಣ್ ಅಂತ ತಾಳ ಹಾಕುವುದು ಅಂತ ನಾವು ನೋಡಿ ಅಭ್ಯಾಸ ಅಲ್ವಾ? ಇಲ್ಲಿ ಹಾಗಿಲ್ಲ. ಏದುಸಿರು ಬಿಡುತ್ತಾರೆ. ಕತ್ತಿ ಭಾರವಾಗುತ್ತದೆ. ಕಾಲಲ್ಲಿ ಒದೆಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಬಟ್ಟೆ ಒಗೆಯುವ ಜಾಗದಲ್ಲಿ ಒಂದು ಹೊಡೆದಾಟ ಇದೆ, ಒದ್ದೆ ಬಟ್ಟೆಯೂ ಆಯುಧವೇ. ಕತ್ತಲಲ್ಲಿ ಲಾಟೀನು ಹಿಡಿದು ಡಾರ್ಟಾನ್ಯನ್ ಮತ್ತು ಕಾರ್ಡಿನಲ್‌ನ ಬಂಟ ರೋಶ್‌ಫೋರ್ ಕಾದಾಡುವುದಿದೆ, ಎರಡನೇ ಭಾಗದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುತ್ತಾ ಕಾದಾಡುವುದಿದೆ. ಜೇಬಲ್ಲಿ ಕಾಸಿಲ್ಲದಾಗ ಹೋಟೆಲಿನಲ್ಲಿ ಸುಳ್ಳು ಜಗಳ ತೆಗೆದು ಕತ್ತಿಯ ತುದಿಯಲ್ಲೇ ತಿಂಡಿ ಕದಿಯುವ ದೃಶ್ಯಕ್ಕೆ ನಾನು ಈಗಲೂ ನಗುತ್ತೇನೆ. ಕಾಳಗ ಎಷ್ಟು ನಿಜ ಅಂದರೆ ಆಥೋಸ್ ಆಗಿದ್ದ ಆಲಿವರ್ ರೀಡ್ ಅವರ ಗಂಟಲಿಗೇ ಒಮ್ಮೆ ಕತ್ತಿ ತಗಲಿತ್ತು.

ಹಿನ್ನೆಲೆಯಲ್ಲೂ ಒಂದು ಕಣ್ಣಿಡಿ. ರಾಜ ನಾಯಿಗಳಿಗೆ ಬಟ್ಟೆ ಹಾಕಿ ಅವುಗಳನ್ನೇ ಚದುರಂಗದ ಕಾಯಿ ಮಾಡಿಕೊಂಡು ಆಡುತ್ತಾನೆ. ಅದನ್ನು ಕಂಡು ಗೊಣಗುವ ಆಳುಗಳು ಪಕ್ಕದಲ್ಲಿದ್ದಾರೆ. ದೊಡ್ಡವರ ವೈಭೋಗ ಯಾರ ಬೆನ್ನ ಮೇಲೆ ಕೂತಿದೆ ಅಂತ ಲೆಸ್ಟರ್ ಭಾಷಣ ಮಾಡದೆ ತೋರಿಸುತ್ತಾರೆ. ಕಾರ್ಡಿನಲ್ ಪಾತ್ರದಲ್ಲಿ ಚಾರ್ಲ್‌ಟನ್ ಹೆಸ್ಟನ್ ಕೂಗಾಡುವುದಿಲ್ಲ, ಮೀಸೆ ತಿರುವುವುದಿಲ್ಲ. ಮೆತ್ತಗೆ ಮಾತಾಡುತ್ತಾನೆ, ರಾಜ್ಯ ನಡೆಸುವವನ ಹಾಗೆ. ಪುಸ್ತಕದ ರಿಶೆಲ್ಯೂ ಹೀಗೇ ಇದ್ದಾನೆ.

ಕೊರತೆ ಇಲ್ಲವೇ ಅಂದರೆ ಇದೆ. ಮೊದಲ ಭಾಗದ ನಗುವಿಗೆ ಒಗ್ಗಿಕೊಂಡವರಿಗೆ ಎರಡನೇ ಭಾಗ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಮಿಲೇಡಿಯ ಸೆರೆಮನೆಯ ಭಾಗ ಇದೆ, ಆದರೆ ಫೇ ಡನವೇ ಅಂಥ ನಟಿ ಇದ್ದೂ ಅದನ್ನು ಬೇಗ ಮುಗಿಸಿಬಿಟ್ಟಿದ್ದಾರೆ. ಇದೇ ತಂಡ 1989ರಲ್ಲಿ ಮೂರನೆಯದನ್ನೂ ಮಾಡಿತು. ಅದರ ಚಿತ್ರೀಕರಣದಲ್ಲಿ ಆಳು ಪ್ಲಾನ್ಷೆಯಾಗಿ ನಮ್ಮನ್ನು ನಗಿಸಿದ್ದ ರಾಯ್ ಕಿನ್ನಿಯರ್ ಕುದುರೆಯಿಂದ ಬಿದ್ದು ತೀರಿಕೊಂಡರು. ಅದನ್ನು ತಿಳಿದ ಮೇಲೆ ಆ ಸಿನಿಮಾ ನೋಡುವ ಮನಸ್ಸೇ ನನಗೆ ಬರಲಿಲ್ಲ.

2023ರದ್ದು ಬೇಕೇ, 1973ರದ್ದು ಬೇಕೇ?

ನಿಜವಾದ ಪೈಪೋಟಿ ಇರುವುದು ಇಲ್ಲಿ. ಮಾರ್ಟಿನ್ ಬೋರ್‌ಬುಲಾನ್ ನಿರ್ದೇಶನದ ಫ್ರೆಂಚ್ ಜೋಡಿ 2023ರಲ್ಲಿ ಬಂತು. ಏಪ್ರಿಲ್‌ನಲ್ಲಿ ‘ಡಾರ್ಟಾನ್ಯನ್’, ಡಿಸೆಂಬರ್‌ನಲ್ಲಿ ‘ಮಿಲೇಡಿ’. ಎರಡನ್ನೂ ಒಟ್ಟಿಗೇ ಚಿತ್ರಿಸಿದ್ದು, ಈ ಸಲ ಎಲ್ಲರಿಗೂ ಮೊದಲೇ ಹೇಳಿ. ಒಟ್ಟು ಹತ್ತಿರ ಹತ್ತಿರ ನಾಲ್ಕು ಗಂಟೆ.

ನನಗೆ ಖುಷಿ ಕೊಟ್ಟ ಸಣ್ಣ ವಿಷಯ ಒಂದಿದೆ. ಇದರಲ್ಲಿ ಆಥೋಸ್ ಆಗಿರುವುದು ವಿನ್ಸೆಂಟ್ ಕ್ಯಾಸೆಲ್. 1973ರಲ್ಲಿ ನಾಯಿ ಚದುರಂಗ ಆಡಿದ ರಾಜ ಲೂಯಿ ಯಾರು ಗೊತ್ತಾ? ಇವರ ಅಪ್ಪ, ಝಾನ್ ಪಿಯೆರ್ ಕ್ಯಾಸೆಲ್.

ಇಲ್ಲಿ ಎಲ್ಲವೂ ಕೆಸರು, ಚರ್ಮ, ಕಬ್ಬಿಣ. ಮಸ್ಕಿಟಿಯರ್‌ಗಳ ಬಟ್ಟೆ ಒಗೆದು ಎಷ್ಟೋ ತಿಂಗಳಾದ ಹಾಗಿದೆ. ಕಾಳಗವನ್ನು ಕತ್ತರಿಸದೆ ಉದ್ದಕ್ಕೆ ತೋರಿಸುತ್ತಾರೆ. ಕ್ಯಾಮೆರಾ ನಮ್ಮನ್ನೇ ನಡುವೆ ತಳ್ಳಿದ ಹಾಗೆ ಸುತ್ತುತ್ತದೆ. ಮೊದಲ ಸಲ ನೋಡಿದಾಗ ಮೈ ಜುಂ ಅಂದಿತು. ಎರಡನೇ ಸಲ ನೋಡಿದಾಗ ಯಾರು ಯಾರಿಗೆ ಹೊಡೆದರು ಅಂತ ಹುಡುಕುತ್ತಾ ಕೂತೆ. ಬಣ್ಣವೂ ಮಂಕು. ಹಗಲು ಹೊತ್ತು ಕಿಟಕಿ ಪರದೆ ಎಳೆಯದೆ ನೋಡಿದರೆ ನಿಮ್ಮ ಮುಖವೇ ಟಿವಿಯಲ್ಲಿ ಜಾಸ್ತಿ ಕಾಣಿಸುತ್ತದೆ.

ಈ ಜೋಡಿಯ ದೊಡ್ಡ ಆಸ್ತಿ ಮಿಲೇಡಿ. ಇವಾ ಗ್ರೀನ್ ಬಂದು ನಿಂತರೆ ಸಾಕು, ಆ ನಾಲ್ವರೂ ಹುಡುಗಾಟದವರ ಹಾಗೆ ಕಾಣುತ್ತಾರೆ. ಅವಳು ಯಾಕೆ ಹೀಗಾದಳು ಅಂತ ಈ ಸಿನಿಮಾ ಕೇಳುತ್ತದೆ. ಡ್ಯೂಮಾ ಆ ಪ್ರಶ್ನೆಯನ್ನು ಹೆಚ್ಚು ಕೇಳಲು ಹೋಗಲಿಲ್ಲ. ಕುಂಟುನೆಪ ಹುಡುಕಿ ಒಳಗೊಳಗೇ ಕುದಿಯುವ ರಾಜನಾಗಿ ಲೂಯಿ ಗ್ಯಾರೆಲ್ ಕೂಡ ಚೆನ್ನ. ಧರ್ಮಯುದ್ಧದ ಭಯ, ಪ್ರೊಟೆಸ್ಟೆಂಟರ ಮೇಲಿನ ಅನುಮಾನ, ಇವೆಲ್ಲ ಇಲ್ಲಿ ಕಥೆಯ ಬೆನ್ನೆಲುಬು. 1973ರಲ್ಲಿ ಅವು ಬರೀ ಹಿನ್ನೆಲೆ.

ತಕರಾರು ಏನೆಂದರೆ, ಕಥೆಯನ್ನು ತಮಗೆ ಬೇಕಾದ ಹಾಗೆ ತಿರುಗಿಸಿದ್ದಾರೆ. ಪುಸ್ತಕದಲ್ಲಿಲ್ಲದ ಸಂಚು, ಪುಸ್ತಕದಲ್ಲಿಲ್ಲದ ಕೊಲೆಯತ್ನ. ಎರಡನೇ ಭಾಗ ಮುಗಿಯುವಾಗ ಮುಗಿಯುವುದೂ ಇಲ್ಲ, ಮೂರನೆಯದಕ್ಕೆ ಬಾಗಿಲು ತೆರೆದಿಟ್ಟು ಹೋಗುತ್ತದೆ. ಆ ರಾತ್ರಿ ನನಗೆ ಸಿಟ್ಟು ಬಂದಿತ್ತು. ನಾಲ್ಕು ಗಂಟೆ ಕೂತವನಿಗೆ ಒಂದು ಮುಕ್ತಾಯ ಕೊಡಬಾರದೇ?

ಹಾಗಾಗಿ ನನ್ನ ಲೆಕ್ಕ ಇಷ್ಟು. ಪುಸ್ತಕ ಓದಿಲ್ಲ, ಓದುವ ಯೋಚನೆಯೂ ಇಲ್ಲ ಅನ್ನುವವರಿಗೆ 1973-74. ಪುಸ್ತಕ ಓದಿದ್ದೀರಿ, ಮುಂದೇನು ಅಂತ ಗೊತ್ತಿದ್ದೇ ನೋಡುತ್ತೀರಿ ಅಂದರೆ 2023 ನಿಮಗೆ ಜಾಸ್ತಿ ಮಜಾ ಕೊಡುತ್ತದೆ. ಎಲ್ಲಿ ತಿರುಗಿಸಿದರು ಅಂತ ಹಿಡಿಯುವುದೇ ಒಂದು ಆಟ. ಮತ್ತೊಂದು ಮಾತು, ಫ್ರೆಂಚಿನಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಡಬ್ಬಿಂಗ್‌ನಲ್ಲಿ ಇವಾ ಗ್ರೀನ್ ಅವರ ಅರ್ಧ ಅಭಿನಯ ಹೋಗಿಬಿಡುತ್ತದೆ.

ಎರಡೇ ಗಂಟೆ ಇದೆ, ಪೂರ್ತಿ ಕಥೆ ಬೇಕು

1948ರ ಎಂಜಿಎಂ ಸಿನಿಮಾ. ಜಾರ್ಜ್ ಸಿಡ್ನಿ ನಿರ್ದೇಶನ, 125 ನಿಮಿಷ. ವಜ್ರವನ್ನು ಮೊದಲ ಅರ್ಧದಲ್ಲೇ ಮುಗಿಸಿ ಧೈರ್ಯವಾಗಿ ಮುಂದೆ ಹೋಗುತ್ತದೆ, ಪುಸ್ತಕದ ಕೊನೆಯ ಕತ್ತಲೆಯವರೆಗೂ. ಟೆಕ್ನಿಕಲರ್‌ನ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಜಾತ್ರೆಯ ಹಾಗೆ.

ಡಾರ್ಟಾನ್ಯನ್ ಆಗಿ ಜೀನ್ ಕೆಲ್ಲಿ. ಹೌದು, ನೃತ್ಯದ ಕೆಲ್ಲಿಯೇ. ಅವರಿಗೆ ಆಗ 35ರ ಆಸುಪಾಸು. 18ರ ಹುಡುಗ ಅಂತ ನಂಬುವುದು ಕಷ್ಟ. ಆದರೆ ಮೊದಲ ಕಾಳಗ ನೋಡಿ. ಎದುರಾಳಿಯ ಸುತ್ತ ಕುಣಿಯುತ್ತಾರೆ, ಹಿಂದಿನಿಂದ ಕತ್ತಿಯ ಅಲಗಲ್ಲಿ ಬಾರಿಸುತ್ತಾರೆ, ಕೊಳಕ್ಕೆ ಕೆಡವುತ್ತಾರೆ. ಇದು ಹೊಡೆದಾಟ ಅಲ್ಲ, ಕತ್ತಿ ಹಿಡಿದ ನೃತ್ಯ. ಇದೇ ಸಿನಿಮಾದ ತುಣುಕುಗಳನ್ನು 1952ರ ‘ಸಿಂಗಿಂಗ್ ಇನ್ ದ ರೇನ್’ನಲ್ಲಿ ಕಪ್ಪು ಬಿಳುಪು ಮಾಡಿ, ಮೂಕಿ ಸಿನಿಮಾ ಅಂತ ತೋರಿಸಿದ್ದಾರೆ. ಅದನ್ನು ನೋಡಿದವರಿಗೆ ಇದು ಥಟ್ಟನೆ ಗುರುತು ಸಿಗುತ್ತದೆ.

ಒಂದು ವಿಚಿತ್ರ ಇದೆ. ವಿನ್ಸೆಂಟ್ ಪ್ರೈಸ್ ಮಾಡಿದ ರಿಶೆಲ್ಯೂ ಇಲ್ಲಿ ಕಾರ್ಡಿನಲ್ ಅಲ್ಲವೇ ಅಲ್ಲ. ಬರೀ ಪ್ರಧಾನಿ. ಚರ್ಚಿನವರು ಬೇಜಾರು ಮಾಡಿಕೊಂಡಾರು ಅಂತ ಕೆಂಪು ನಿಲುವಂಗಿಯನ್ನೇ ತೆಗೆದುಬಿಟ್ಟರು. ಮಿಲೇಡಿಯ ಸೆರೆಯ ಭಾಗದಲ್ಲೂ ಕಾವಲಿನ ಗಂಡಸನ್ನು ತೆಗೆದು ಆ ಜಾಗದಲ್ಲಿ ಡಾರ್ಟಾನ್ಯನ್ ಪ್ರೀತಿಸುವ ಕಾನ್‌ಸ್ಟನ್ಸ್‌ಳನ್ನು ಕೂರಿಸಿದ್ದಾರೆ. ತಪ್ಪು ಅನ್ನಿಸಬಹುದು, ಆದರೆ ಇಬ್ಬರು ಹೆಂಗಸರು ಎದುರುಬದುರು ಕೂತಾಗ ಅದಕ್ಕೊಂದು ಬೇರೆಯೇ ಭಯ ಬರುತ್ತದೆ. ಲಾನಾ ಟರ್ನರ್ ಅಲ್ಲಿ ಬಿಡದೆ ಗೆಲ್ಲುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ವ್ಯಾನ್ ಹೆಫ್ಲಿನ್ ಅವರ ಆಥೋಸ್ ಇದ್ದಾನೆ. ನಾನು ನೋಡಿದ ಆಥೋಸ್‌ಗಳಲ್ಲಿ ಆಲಿವರ್ ರೀಡ್ ಒಬ್ಬರೇ ಇವರಿಗೆ ಸಮ.

ಮಕ್ಕಳು ಜೊತೆಗಿದ್ದರೆ

ಪೂರ್ತಿ ಪುಟಾಣಿಗಳಾದರೆ 2004ರ ಮಿಕ್ಕಿ, ಡೊನಾಲ್ಡ್, ಗೂಫಿಯ ಕಾರ್ಟೂನ್ ಸಾಕು. ಒಂದು ಗಂಟೆ ಚಿಲ್ಲರೆ. ನಾಯಿಗಳೇ ಮಸ್ಕಿಟಿಯರ್‌ಗಳಾಗಿರುವ ‘ಡಾಗ್‌ಟಾನ್ಯನ್’ ಅನ್ನುವ ಸ್ಪೇನ್-ಜಪಾನ್ ಧಾರಾವಾಹಿಯೂ ಇದೆ, 26 ಕಂತು. ನಂಬಿ, ದೊಡ್ಡವರ ಕೆಲವು ಸಿನಿಮಾಗಳಿಗಿಂತ ಅದು ಪುಸ್ತಕಕ್ಕೆ ಹತ್ತಿರ.

ಹತ್ತು ಹನ್ನೆರಡರ ಮಕ್ಕಳಿಗೆ 1993ರ ಡಿಸ್ನಿ ಸಿನಿಮಾ. ವಜ್ರವೂ ಇಲ್ಲ, ಪುಸ್ತಕದ ಕಥೆಯೂ ಹೆಚ್ಚೇನಿಲ್ಲ. ಮಸ್ಕಿಟಿಯರ್ ಪಡೆಯನ್ನೇ ವಿಸರ್ಜಿಸಿದ್ದಾರೆ, ಮೂವರು ಮಾತ್ರ ಒಪ್ಪುವುದಿಲ್ಲ, ರಾಜನನ್ನು ಉಳಿಸಬೇಕು. ಅಷ್ಟೇ. ಟಿಮ್ ಕರಿ ಅವರ ಕಾರ್ಡಿನಲ್ ಕೆಟ್ಟತನವನ್ನು ಚಪ್ಪರಿಸಿ ಚಪ್ಪರಿಸಿ ತಿನ್ನುತ್ತಾನೆ. ಆಲಿವರ್ ಪ್ಲ್ಯಾಟ್ ಅವರ ಪೋರ್ಥೋಸ್ ಬಂದಾಗಲೆಲ್ಲ ಮಕ್ಕಳು ಕಿರುಚುತ್ತಾರೆ. ಅಕ್ಕನ ಮಗಳಿಗೆ ಹತ್ತು ವರ್ಷವಿದ್ದಾಗ ಜೊತೆಗೆ ಕೂತು ನೋಡಿದೆ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು. “ಮಾಮ, ಇವರು ಮಸ್ಕಿಟಿಯರ್ಸ್ ಅಲ್ವಾ? ಮಸ್ಕೆಟ್ ಯಾಕೆ ಹೊಡೆಯಲ್ಲ, ಬರೀ ಕತ್ತಿ?”

ಒಳ್ಳೇ ಪ್ರಶ್ನೆ. ಲೂಯಿ 13 ಈ ಪಡೆ ಕಟ್ಟಿದ್ದು 1622ರಲ್ಲಿ, ಕೈಗೆ ಕೊಟ್ಟಿದ್ದು ಮಸ್ಕೆಟ್ ಬಂದೂಕು. ಆದರೆ ಒಮ್ಮೆ ಗುಂಡು ಹಾರಿಸಿ ಮತ್ತೆ ತುಂಬಲು ತುಂಬಾ ಹೊತ್ತು ಬೇಕಿದ್ದ ಉದ್ದನೆಯ, ಭಾರದ ವಸ್ತು ಅದು. ಯುದ್ಧಭೂಮಿಗೆ ಸರಿ. ಬೀದಿ ಜಗಳಕ್ಕೆ ಸೊಂಟದಲ್ಲಿರುವ ಕತ್ತಿಯೇ ಗತಿ. ಹಾಗಂತ ಹೇಳಿದೆ. ಅವಳಿಗೆ ಸಮಾಧಾನ ಆಗಲಿಲ್ಲ.

2011ರ ಹಾರುವ ಹಡಗಿನ ಸಿನಿಮಾವನ್ನೂ ಮಕ್ಕಳ ಪಟ್ಟಿಗೇ ಹಾಕಬಹುದು. ಡಾ ವಿಂಚಿಯ ನಕ್ಷೆ ಕದ್ದು ಹಡಗು ಹಾರಿಸುತ್ತಾರೆ. ಚಿತ್ರೀಕರಣ ಜರ್ಮನಿಯ ಬವೇರಿಯಾದಲ್ಲಿ, 18ನೇ ಶತಮಾನದಲ್ಲಿ ಕಟ್ಟಿದ ವುರ್ಟ್ಸ್‌ಬುರ್ಗ್ ಅರಮನೆ ಸೇರಿದ ಹಾಗೆ. ಅಂದರೆ ಕಥೆ ನಡೆಯುವಾಗ ಆ ಅರಮನೆಯೇ ಇರಲಿಲ್ಲ! ಒಂದು ಮಾತ್ರ ಒಪ್ಪಿಕೊಳ್ಳಬೇಕು. ಡಾರ್ಟಾನ್ಯನ್ ಆಗಿರುವ ಲೋಗನ್ ಲರ್ಮನ್‌ಗೆ ಚಿತ್ರೀಕರಣದ ಹೊತ್ತಿಗೆ ನಿಜಕ್ಕೂ 18 ವರ್ಷ.

ಉಳಿದವು, ಬೇಗ ಬೇಗ

1921ರ ಮೂಕಿ. ಡಗ್ಲಸ್ ಫೇರ್‌ಬ್ಯಾಂಕ್ಸ್ ಒಂದು ಕೈಯಲ್ಲಿ ಕಠಾರಿ ಊರಿ ಲಾಗ ಹಾಕುವ ಆ ಒಂದು ಕ್ಷಣಕ್ಕಾಗಿ ನೋಡಿ. ಡಾರ್ಟಾನ್ಯನ್ ಪಾತ್ರಕ್ಕೆ ಅಂತ ಬಿಟ್ಟ ಮೀಸೆಯನ್ನು ಅವರು ಕೊನೆವರೆಗೂ ತೆಗೆಯಲಿಲ್ಲ. ಇದು ವಜ್ರಕ್ಕೇ ನಿಲ್ಲುವ ಸಿನಿಮಾ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಕಾಸು ಕೊಡದೆ ಸಿಗುತ್ತದೆ. ಉಳಿದ ಸಿನಿಮಾಗಳು ಯಾವ ಓಟಿಟಿಯಲ್ಲಿವೆ ಅಂತ ಬರೆಯಲು ಹೋಗುವುದಿಲ್ಲ, ನೀವು ಓದುವ ಹೊತ್ತಿಗೆ ಅದು ಬದಲಾಗಿರುತ್ತದೆ.

ಹಾಡಿಲ್ಲದೆ ಸಿನಿಮಾ ಸಪ್ಪೆ ಅನ್ನುವವರಿಗೆ ಸೋವಿಯತ್ ರಷ್ಯಾದವರು 1978ರಲ್ಲಿ ಟಿವಿಗಾಗಿ ಮಾಡಿದ ಮೂರು ಕಂತಿನ ಸಂಗೀತ ಚಿತ್ರ ಇದೆ. ಮಿಖಾಯಿಲ್ ಬೊಯಾರ್ಸ್ಕಿ ಕುದುರೆ ಮೇಲೆ ಹಾಡುತ್ತಾ ಬರುತ್ತಾರೆ. ಪ್ಯಾರಿಸ್ ಅಂತ ತೋರಿಸಿದ್ದು ಹೆಚ್ಚಿನಂಶ ಉಕ್ರೇನಿನ ಲ್ವಿವ್. ಕತ್ತಿವರಸೆ ಸುಮಾರು, ಹಾಡು ಮಾತ್ರ ತಲೆಯಿಂದ ಹೋಗುವುದಿಲ್ಲ.

ವಾರಗಟ್ಟಲೆ ನೋಡಲು ಏನಾದರೂ ಬೇಕಾದರೆ 2014ರಿಂದ 2016ರವರೆಗೆ ಬಂದ ಬಿಬಿಸಿ ಧಾರಾವಾಹಿ. ಮೂರು ಸೀಸನ್, 30 ಕಂತು. ಪಾತ್ರಗಳು ಡ್ಯೂಮಾನವು, ಕಥೆಗಳು ಹೊಸವು. ಪೀಟರ್ ಕಪಾಲ್ಡಿ ರಿಶೆಲ್ಯೂ ಆಗಿರುವ ಮೊದಲ ಸೀಸನ್ ನೋಡಿ ನಿಲ್ಲಿಸಿದರೂ ನಷ್ಟವಿಲ್ಲ.

2001ರ ‘ದಿ ಮಸ್ಕಿಟಿಯರ್’ ಅನ್ನೇ ನಾನು ಅರ್ಧಕ್ಕೆ ನಿಲ್ಲಿಸಿದ್ದು. ಹಾಂಗ್‌ಕಾಂಗ್ ಶೈಲಿಯ ಹೊಡೆದಾಟ, ಏಣಿಗಳ ಮೇಲಿನ ಒಂದು ಕಾಳಗ. ಅದನ್ನು ಮಾತ್ರ ಹುಡುಕಿ ನೋಡಿದರೆ ಸಾಕು. 1998ರ ‘ಮ್ಯಾನ್ ಇನ್ ದಿ ಐರನ್ ಮಾಸ್ಕ್’ ಡಿಕಾಪ್ರಿಯೊಗಾಗಿ ತುಂಬಾ ಜನಕ್ಕೆ ಗೊತ್ತು. ಆದರೆ ಅದು ಡ್ಯೂಮಾ ಇದೇ ನಾಲ್ವರ ಬಗ್ಗೆ ಬರೆದ ಮೂರು ಕಾದಂಬರಿಗಳ ಸಾಲಿನಲ್ಲಿ ಕೊನೆಯದರಿಂದ ಹುಟ್ಟಿದ್ದು, ನಾಲ್ವರೂ ಮುದುಕರಾದ ಮೇಲಿನ ಕಥೆ. ಅದರಿಂದ ಶುರು ಮಾಡಬೇಡಿ.

ಅಕ್ಕನ ಮಗಳಿಗೆ ಈಗ ಹದಿನೈದು. ಈ ರಜೆಯಲ್ಲಿ ಬಂದಾಗ ‘ಫೋರ್ ಮಸ್ಕಿಟಿಯರ್ಸ್’ ತೋರಿಸಬೇಕು ಅಂತಿದ್ದೇನೆ. ಲಾ ರೊಶೆಲ್ ಮುತ್ತಿಗೆಯ ನಡುವೆ ಯಾರ ಕಿವಿಗೂ ಬೀಳದ ಹಾಗೆ ಮಾತಾಡಬೇಕು ಅಂತ ನಾಲ್ವರೂ ಬಾಜಿ ಕಟ್ಟಿ, ಶತ್ರುಗಳ ಎದುರಿಗೇ ಇರುವ ಪಾಳುಬಿದ್ದ ಬುರುಜಿಗೆ ತಿಂಡಿ ಬುಟ್ಟಿ ಹೊತ್ತುಕೊಂಡು ಹೋಗುತ್ತಾರೆ. ತಿನ್ನುತ್ತಾ ಮಾತಾಡುತ್ತಾರೆ, ನಡುನಡುವೆ ಎದ್ದು ಗುಂಡು ಹಾರಿಸುತ್ತಾರೆ. ಮಸ್ಕೆಟ್‌ನಿಂದಲೇ. ಎಷ್ಟು ಸಲ ಅಂತ ಎಣಿಸುತ್ತೇನೆ ಅಂದಿದ್ದಾಳೆ.